ಡೆಸ್ ಮಾಮ ಹೇಳುವ ತನಕ

ಜಾಹೀರಾತಿನಿಂದಲೇ ಹೊಟ್ಟೆ ಹೊರೆಯುವ ಆ ಪುಟ್ಟ ಟೀವಿ ಕೇಂದ್ರ ವಿಕ್ಟೋರಿಯಾದ ಕುರಿ ಸಾಕುವ ಸೀಮೆಯಲ್ಲಿ ಶುರುವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಸಂಜೆ ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದವನು ಡೆಸ್ಮಂಡ್ ಪಾಸ್ಕೋ. ಹುಟ್ಟುಹಬ್ಬದ ಮಕ್ಕಳನ್ನು ಹೆಸರು ಹಿಡಿದು ಕರೆದು, ಹೆತ್ತವರು ಮೊದಲೇ ಬರೆದು ತಿಳಿಸಿದಂತೆ ಉಡುಗೊರೆ ಎಲ್ಲಿ ಬಚ್ಚಿಟ್ಟಿದೆಯೆಂದು ಗುಟ್ಟಾಗಿ ಹೇಳುತ್ತಿದ್ದ. ಟೀವಿ ಹಿಂದೆ ಅಂದರೆ ಟೀವಿ ಹಿಂದೆ, ಕೋಳಿಗೂಡು ಅಂದರೆ ಕೋಳಿಗೂಡು. ಡೆಸ್ ಮಾಮನ ಮಾತಿಗೆ ಮಕ್ಕಳು ಎದುರಾಡುತ್ತಿರಲಿಲ್ಲ.

ಅಲ್ಲಿ ಕಡುಬೇಸಿಗೆಯಾದ ಫೆಬ್ರವರಿಯ ಒಂದು ಸಂಜೆ ಗಾಳಿ ದಿಕ್ಕು ಬದಲಿಸಿ ಕಾಡಿನ ಬೆಂಕಿ ವರಿಂಗಾ ಕಣಿವೆಯ ಕಡೆ ತಿರುಗಿತು. ಕಣಿವೆಯ ಫೋನ್ ತಂತಿ ಆಗಲೇ ಸುಟ್ಟಿತ್ತು. ಗಂಡಸರು ಬೆಂಕಿ ಆರಿಸಲು, ಹೆಂಗಸರು ಅವರಿಗೆ ಟೀ, ಸ್ಯಾಂಡ್‌ವಿಚ್ ಒಯ್ಯಲು ಗುಡ್ಡದಾಚೆ ಹೋಗಿದ್ದರು. ಮನೆಗಳಲ್ಲಿ ಇದ್ದವರು ಶಾಲೆಯಿಂದ ಬಂದ ಮಕ್ಕಳು ಮಾತ್ರ. ಅವರ ಮುಂದೆ ಟೀವಿ.

ಬೆಂಕಿಯ ಸುದ್ದಿ ಎತ್ತಲೇಕೂಡದು ಎಂದ ಮ್ಯಾನೇಜರ್ ಮರ್ವಿನ್. ಬಿಸ್ಕತ್ತು ಕಂಪನಿ ದುಡ್ಡು ಕೊಡುವುದು ಮಕ್ಕಳನ್ನು ನಗಿಸಲಿಕ್ಕಂತೆ.

“ಹೆದರಿ ರಸ್ತೆಗೆ ಓಡಿದ್ರೆ ಯಾರು ಹೊಣೆ ಮಾರಾಯ?”

ಕೊನೆಯ ಮಾತು ಸುಳ್ಳಲ್ಲವೆಂದು ಡೆಸ್‌ಗೂ ಗೊತ್ತಿತ್ತು. ಕ್ಯಾಮೆರಾದ ಕೆಂಪು ದೀಪ ಹತ್ತಿತು. ಅವನು ನಕ್ಕ. ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ನಕ್ಕಿರಲಿಲ್ಲ.

“ವರಿಂಗಾ ಮಕ್ಕಳೇ, ಇವತ್ತು ನಿಮಗೆ ಮಾತ್ರ ಒಂದು ಗುಟ್ಟು. ಉಣ್ಣೆ ಕಂಬಳಿ ತಗೊಳ್ಳಿ, ಚಿಕ್ಕವರ ಕೈ ಹಿಡ್ಕೊಳ್ಳಿ, ಕುರಿ ನೀರು ಕುಡಿಯೋ ಹೊಂಡಕ್ಕೆ ಇಳೀರಿ. ಎದೆಮಟ್ಟ ಸಾಕು. ಕಂಬಳಿ ನೆನೆಸಿ ತಲೆ ಮೇಲೆ ಹೊದ್ಕೊಳ್ಳಿ. ನಾನು ಹೇಳೋ ತನಕ ಮೇಲೆ ಬರಬೇಡಿ.”

ಪ್ರಸಾರ ನಿಲ್ಲಿಸಲು ಎತ್ತಿದ ಮರ್ವಿನ್‌ನ ಕೈ ಹಾಗೇ ಉಳಿಯಿತು. ಡೆಸ್ ಅದನ್ನೇ ಮತ್ತೆ ಮತ್ತೆ ಹೇಳಿದ. ಕಣಿವೆಯ ಕರೆಂಟು ಯಾವಾಗ ಹೋಯಿತೋ, ಎಷ್ಟು ಮಾತು ಅಲ್ಲಿಗೆ ಮುಟ್ಟಿತೋ ಯಾರಿಗೂ ತಿಳಿಯಲಿಲ್ಲ.

ಬೆಂಕಿ ಕಣಿವೆ ದಾಟಿಹೋದ ಮೇಲೆ, ಕತ್ತಲಾಗುವ ಮೊದಲು ಅವನು ಬೆಂಕಿ ಆರಿಸುವವರ ಲಾರಿ ಹತ್ತಿ ಕಣಿವೆಗೆ ಹೋದ. ಮನೆಗಳು ಬೂದಿಯಾಗಿದ್ದವು. ಮಕ್ಕಳು ಹೊಂಡಗಳಲ್ಲಿ ಬದುಕಿದ್ದರು; ಕರೆದೊಡನೆ ಮೇಲೆ ಬಂದರು. ಡೆಸ್ ನಾಚಿಕೆಯಿಲ್ಲದೆ ಅತ್ತ. ಆದರೆ ಕೊನೆಯ ಹೊಂಡದಲ್ಲಿ ಆರು ವರ್ಷದ ಐಲೀನ್ ಪುಟ್ಟ ತಮ್ಮನನ್ನು ಎತ್ತಿಕೊಂಡು, ತುಟಿ ನೀಲಿಗಟ್ಟಿ ನಿಂತಿದ್ದಳು. ಅಪ್ಪ ಕರೆದು ಸೋತಿದ್ದ. ಹತ್ತಿರ ಹೋದರೆ ಅವಳು ಆಳಕ್ಕೆ ಸರಿಯುತ್ತಿದ್ದಳು.

“ನಾನೇ ಕಣಮ್ಮ, ಡೆಸ್ ಮಾಮ. ಈಗ ಬಾ.”

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಡೆಸ್ ಮಾಮ ಇಷ್ಟು ದೊಡ್ಡೋನಲ್ಲ,” ಎಂದು ಮತ್ತೊಂದು ಹೆಜ್ಜೆ ಹಿಂದಿಟ್ಟಳು. ನೀರು ಗದ್ದ ಮುಟ್ಟಿತು.

ಡೆಸ್ ಅಲ್ಲೇ ಕೆಸರಿನಲ್ಲಿ ಮಂಡಿಯೂರಿದ.

“ಹಾಗಾದ್ರೆ ನನ್ನ ನೋಡಬೇಡ. ಕಣ್ಣು ಮುಚ್ಕೊಂಡು ಬರೀ ಕೇಳು.”

ಅವಳು ಕಣ್ಣು ಮುಚ್ಚಿದಳು. ಡೆಸ್ ಟೀವಿಯ ದನಿಯಲ್ಲೇ “ಈಗ ಮೇಲೆ ಬಾ” ಎಂದ. ಆಮೇಲೆ ತಮ್ಮನನ್ನು ಬಿಗಿಯಾಗಿ ಹಿಡಿದು, ಕಣ್ಣು ತೆರೆಯದೆಯೇ ದನಿ ಬಂದ ಕಡೆಗೆ ನಡೆದು ಬಂದಳು.