ವೋಟಿನ ದಿನದ ಸೌದೆ

ಮತದಾನದ ದಿನ ಬೆಳಿಗ್ಗೆಯೇ ಕೇರಿಗೆ ಕೇರಿಯೇ ಮದುವೆಮನೆಯಾಗಿತ್ತು. ಗಂಡಸರು ಇಸ್ತ್ರಿ ಅಂಗಿ ತೊಟ್ಟಿದ್ದರು, ಹೆಂಗಸರು ಟ್ರಂಕಿನ ತಳದ ಸೀರೆ ತೆಗೆದಿದ್ದರು. ಗೆಲ್ಲುವವರು ಯಾರೋ, ಇವರ ಮುಖದಲ್ಲಿ ಆಗಲೇ ಗೆದ್ದ ಕಳೆ. ಹಿಂದಿನ ವಾರ ಪ್ರಚಾರಕ್ಕೆ ಬಂದ ಅಭ್ಯರ್ಥಿಯೊಬ್ಬ ಹಳ್ಳದ ದಂಡೆಯಲ್ಲಿ ನಿಂತು, ಹುಡುಗರಿಂದ ಟೇಪು ಹಿಡಿಸಿ, "ಮಳೆಗಾಲಕ್ಕೆ ಮುಂಚೆ ಇಲ್ಲಿ ಸೇತುವೆ" ಅಂದಿದ್ದ. ಅಂದಿನಿಂದ ಇವರೆಲ್ಲ ಆ ಟೇಪಿನ ಮೇಲೆಯೇ ಓಡಾಡುತ್ತಿದ್ದರು.

ಜ್ಯೋತಿಲಕ್ಷ್ಮಿಯ ಕಣ್ಣು ಮಾತ್ರ ದಂಡೆಯಲ್ಲಿ ಒಟ್ಟಿದ್ದ ಅಡಿಕೆಮರದ ದಿಮ್ಮಿಗಳ ಮೇಲಿತ್ತು. ಆನವಟ್ಟಿ ಕಡೆಯ ಆ ಕೇರಿಯಲ್ಲಿ ಮಳೆ ಹಿಡಿಯುವ ಮುಂಚೆ ಮನೆಗೊಂದು ಆಳು ಸೇರಿ, ದಿಮ್ಮಿ ಜೋಡಿಸಿ, ದಾಟಲು ಹಳ್ಳಕ್ಕೆ ಅಡ್ಡಲಾಗಿ ಸಂಕ ಹಾಕುವುದು ಹಿಂದಿನಿಂದ ಬಂದ ರೂಢಿ. ಈ ವರ್ಷ ಯಾರೂ ಆ ಸುದ್ದಿಯನ್ನೇ ಎತ್ತಿರಲಿಲ್ಲ. ಶಾಲೆ ಹಳ್ಳದಾಚೆ. ಅವಳ ಮಗಳು ಜೂನಿನಲ್ಲಿ ಒಂದನೇ ಕ್ಲಾಸಿಗೆ ಹೋಗಬೇಕು. ಈಗ ಮೇ ತಿಂಗಳು, ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರಿಲ್ಲ. ಆದ್ದರಿಂದ ಎಲ್ಲರಿಗೂ ಭಾರಿ ಧೈರ್ಯ.

ಶಾಲೆಯ ಮತಗಟ್ಟೆಯಲ್ಲಿ ವೋಟು ಹಾಕಿ ಬಂದವರಿಗೆ ಕೇಸರಿಬಾತ್ ಮಾಡುವ ಹುಕಿ ಹತ್ತಿತು. ಸೌದೆ ಬೇಕಲ್ಲ. ಪಕ್ಕದ ಮನೆಯ ಹೂವಪ್ಪ ಕೊಡಲಿ ಹಿಡಿದು ದಂಡೆಗೆ ಬಂದ. ಜ್ಯೋತಿಲಕ್ಷ್ಮಿ ಸರಸರನೆ ಹೋಗಿ ದಿಮ್ಮಿಗಳ ಮೇಲೆ ಕೂತುಬಿಟ್ಟಳು.

"ಏಳಿ ಅತ್ತಿಗೆ. ಸೇತುವೆ ಆದ್ಮೇಲೆ ಇವೆಂತಕ್ಕೆ, ಗೆದ್ದಲು ಸಾಕೋದಕ್ಕಾ?"

"ಸೇತುವೆ ಎಲ್ಲಿದೆ ತೋರ್ಸು ಹೂವಪ್ಪ. ಒಂದ್ಸಲ ದಾಟಿ ಬರ್ತೀನಿ."

ಕೇರಿಯ ಹಿರಿಯ ಶಾಂತವೀರಪ್ಪ ಎಲೆಯಡಿಕೆ ಉಗಿದು ಹತ್ತಿರ ಬಂದರು. "ಕಾಲೇಜು ಓದಿದೋರ ಹಣೆಬರಹ ಇಷ್ಟೇ. ನಾಲ್ಕು ಜನ ನಗ್ತಾ ಇದ್ರೆ ಅನುಮಾನ."

"ಮಾವ, ಹೋದ ಸಲ ಗೆದ್ದೋರೂ ಇದೇ ಮಾತು ಹೇಳಿದ್ರಲ್ಲ."

"ಅವರು ಬರೀ ಬಾಯಲ್ಲಿ ಹೇಳಿದ್ರು. ಇವರು ಟೇಪು ಹಿಡ್ಸಿ ಅಳತೆ ತಗೊಂಡಾರೆ."

ಅತ್ತೆ ವರದಮ್ಮ ಸೆರಗು ಸಿಕ್ಕಿಸಿ ಬಂದು ಸೊಸೆಯ ಪಕ್ಕ ಕೂತರು. "ದರ್ಜಿ ನನ್ನ ಕುಬುಸದ ಅಳತೆ ತಗೊಂಡು ಯುಗಾದಿ ಕಳೀತು ಶಾಂತಣ್ಣ. ಬಂತಾ ಮೈಮೇಲೆ?"

ಹೆಂಗಸರು ನಕ್ಕರು. ನಕ್ಕವರೇ ಬಾಣಲೆಗೆ ರವೆ ಸುರಿಯಲು ಹೋದರು. ಹೂವಪ್ಪ ಇವರಿಬ್ಬರು ಕೂತ ಎರಡು ದಿಮ್ಮಿ ಬಿಟ್ಟು ಉಳಿದವನ್ನೆಲ್ಲ ಎಳೆದೊಯ್ದು ಸೀಳಿದ. ಒಲೆ ಚೆನ್ನಾಗಿ ಉರಿಯಿತು.

ಎರಡೇ ದಿಮ್ಮಿಯ ಸಂಕದ ಮೇಲೆ ದೊಡ್ಡವರು ನಡೆಯಲಾರರು; ಕೈಹಿಡಿಗೆ ಹಗ್ಗ ಕಟ್ಟಿದರೆ ಮಗು ದಾಟೀತು. ಜ್ಯೋತಿಲಕ್ಷ್ಮಿ ಮನೆಯಿಂದ ಹಗ್ಗ ತಂದಳು. ದಿಮ್ಮಿಯ ಒಂದು ತುದಿ ಅತ್ತೆ, ಇನ್ನೊಂದು ತುದಿ ಸೊಸೆ ಹಿಡಿದು ಹಳ್ಳಕ್ಕೆ ಎಳೆದರು. ಯಾರೂ ಕೈ ಹಚ್ಚಲಿಲ್ಲ. ಕೇಸರಿಬಾತಿನ ತಟ್ಟೆ ಹಿಡಿದು ದಂಡೆಯಲ್ಲಿ ನಿಂತಿದ್ದ ಶಾಂತವೀರಪ್ಪ ಮಾತ್ರ ಶಾಯಿ ಹಚ್ಚಿದ ಬೆರಳು ಚಾಚಿ ಕೂಗಿದರು:

"ಸ್ವಲ್ಪ ಆಚೆಗೆ ಹಾಕ್ಕಳ್ರಮ್ಮ. ಅಲ್ಲಿ ಹಾಕಿದ್ರೆ ನಾಳೆ ಸೇತುವೆ ಕೆಲಸಕ್ಕೆ ಅಡ್ಡ ಆಗ್ತದೆ."