ಗ್ಯಾಲರಿ ತುಂಬಿಸಿದವರು

"ಏಯ್, ಅಲ್ಲಿ ಬಿಟ್ಟೆ ನೋಡು! ಕಣ್ಣೇನು ಬೆನ್ನಲ್ಲಿಟ್ಕೊಂಡಿದೀಯಾ?"

ಕುರ್ಚಿಯಲ್ಲಿದ್ದವನು ಏಳಲಿಲ್ಲ. ಬೂಟುಗಾಲನ್ನು ನೆಲದಿಂದ ನಾಲ್ಕು ಬೆರಳಷ್ಟು ಮೇಲೆತ್ತಿ, ಅದೇ ಒಂದು ಮಹಾ ಉಪಕಾರ ಎನ್ನುವ ಹಾಗೆ ಹಿಡಿದುಕೊಂಡು ಫೋನು ನೋಡುತ್ತಿದ್ದ. ದೊಡ್ಡಕ್ಕ ಆ ಸಂದಿಗೆ ಪೊರಕೆ ತೂರಿಸಿ ಕಡಲೆಕಾಯಿ ಸಿಪ್ಪೆಯನ್ನು ಎಳೆದಳು. ಎಳೆದು ಸೊಂಟ ನೆಟ್ಟಗೆ ಮಾಡುವುದರೊಳಗೆ ಅವನು ಇನ್ನೊಂದು ಹಿಡಿ ಸಿಪ್ಪೆಯನ್ನು ಅಲ್ಲೇ ಉದುರಿಸಿದ.

"ಹಾಂ, ಅದನ್ನೂ."

ದೊಡ್ಡಕ್ಕ ಮತ್ತೆ ಬಗ್ಗಿದಳು. ಕಾಲೇಜಿನ ಕ್ರೀಡಾಂಗಣ ಗುಡಿಸುವ ಹೆಂಗಸರಿಗೆಲ್ಲ ಅವಳು ದೊಡ್ಡಕ್ಕ. ಉಳಿದವರಿಗೆ ಏಯ್. ಅವಳಿಗೊಂದು ಹೆಸರಿದೆ ಎನ್ನುವುದು ಸಂಬಳದ ದಿನ ಮಾತ್ರ ನೆನಪಾಗುತ್ತಿತ್ತು, ಅದೂ ಹಣ ಮುರಿದುಕೊಳ್ಳುವುದಕ್ಕೆ.

ಆ ದಿನವೂ ಕಾಲೇಜಿನ ಫುಟ್‌ಬಾಲ್ ತಂಡ ಸೋತಿತ್ತು. ಅದೇನು ಹೊಸದಲ್ಲ ಬಿಡಿ. ಬೆಟ್ಟದಷ್ಟು ಎತ್ತರಕ್ಕೆ ಗ್ಯಾಲರಿ ಕಟ್ಟಿ, ಸಾಲುಸಾಲು ಕುರ್ಚಿ ಹಾಕಿಸಿ, ನೋಡುವುದಕ್ಕೆ ಬರುತ್ತಿದ್ದವರು ಆಟಗಾರರ ಅಪ್ಪ ಅಮ್ಮ, ಬಿಸಿಲಿಗೆ ನೆರಳು ಹುಡುಕಿಕೊಂಡು ಬಂದ ಒಂದೆರಡು ನಾಯಿ, ಮತ್ತೆ ಈ ಬೂಟುಗಾಲಿನವನಂಥ ಹಳೇ ವಿದ್ಯಾರ್ಥಿಗಳು. ಅಪ್ಪ ಅಮ್ಮಂದಿರೂ ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ನಾಯಿಗಳು ಮಾತ್ರ ಕೊನೆಯವರೆಗೂ ಇರುತ್ತಿದ್ದವು.

ಮಾರನೇ ದಿನ ಸಂಬಳ. ದೊಡ್ಡಕ್ಕ ಲೆಕ್ಕದಯ್ಯನ ಕಿಟಕಿ ಮುಂದೆ ನಿಂತು ನೋಟುಗಳನ್ನು ಎರಡು ಸಲ ಎಣಿಸಿದಳು.

"ಇದ್ಯಾಕಯ್ಯಾ ಕಮ್ಮಿ ಇದೆ?"

"ಟಿಕೆಟ್ ಹಣ ಮುರಿದಿದೆ."

"ಯಾವ ಬಸ್ಸು ಹತ್ತಿದ್ನಯ್ಯಾ ನಾನು?"

"ಬಸ್ಸಲ್ಲಮ್ಮ, ಮ್ಯಾಚು. ಶನಿವಾರ ಕೆಲಸದೋರೆಲ್ಲ ಮ್ಯಾಚ್ ನೋಡ್ಬೇಕು, ಸಾಹೇಬರ ಆರ್ಡರು. ಗೇಟಿನಲ್ಲಿ ಆದಾಯ ತೋರಿಸ್ಬೇಕಲ್ಲ? ಟೀ ಶರ್ಟಿನ ಬಾಡಿಗೇನೂ ಸೇರಿದೆ. ಕಡಲೆಕಾಯೀದೂ."

ಆ ಹಣ ಬೇರೆಯದಕ್ಕೆ ಇತ್ತು. ಅವಳ ಮಗಳು ಅದೇ ಕಾಲೇಜಿನಲ್ಲಿ ಕೊನೇ ವರ್ಷ ಓದುತ್ತಿದ್ದಳು. ಸೋಮವಾರ ಬೆಳಿಗ್ಗೆ ಪರೀಕ್ಷೆ. ಕ್ರೀಡಾ ಶುಲ್ಕ ಬಾಕಿ ಇದೆಯೆಂದು ಹಾಲ್ ಟಿಕೆಟನ್ನು ಇದೇ ಲೆಕ್ಕದಯ್ಯ ತನ್ನ ಮೇಜಿನ ಖಾನೆಯಲ್ಲಿ ಹಾಕಿ ಬೀಗ ಜಡಿದು ಕೂತಿದ್ದ. ಹಾಲ್ ಟಿಕೆಟ್ ಇಲ್ಲದಿದ್ದರೆ ಪರೀಕ್ಷೆಯ ಕೋಣೆಯ ಹೊಸ್ತಿಲೂ ದಾಟಿಸುವುದಿಲ್ಲ. ಇಷ್ಟು ವರ್ಷ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

"ಅಯ್ಯಾ, ನನ್ನ ಮಗಳು ಆಡೋದೇ ಇಲ್ವಲ್ಲ. ಒಂದ್ಸಲ ಆ ಹುಲ್ಲಿನ ಮೇಲೆ ಕಾಲಿಟ್ಟಿದ್ದಕ್ಕೇ ಕಾವಲುಗಾರ ಅಟ್ಟಿಸ್ಕೊಂಡು ಬಂದಿದ್ದ, ಹುಲ್ಲಿಗೆ ನೋವಾಗುತ್ತೆ ಅಂತ. ಅವಳಿಗ್ಯಾಕೆ ಆಟದ ಫೀಸು?"

"ಆಡದೇ ಇರೋರು ಕೊಟ್ರೇ ತಾನೇ ಆಡೋರು ಆಡೋದು?"

"ಆಡಿ ಗೆದ್ರಾ?"

"ಗೆಲ್ಬೇಕು ಅಂದ್ರೆ ಇನ್ನೂ ಜಾಸ್ತಿ ಫೀಸು ಬೇಕಮ್ಮ."

ಲೆಕ್ಕದಯ್ಯ ಕೆಟ್ಟವನೇನಲ್ಲ. ಅವನ ಮುಖ ನೋಡಿದರೆ ಅವನಿಗೇ ಯಾರೋ ಸಂಬಳ ಮುರಿದ ಹಾಗಿರುತ್ತಿತ್ತು. ದೊಡ್ಡಕ್ಕ ದನಿ ತಗ್ಗಿಸಿದಳು.

"ಮುರಿದ್ರಲ್ಲ ಆ ದುಡ್ಡು, ಅದನ್ನೇ ಫೀಸಿಗೆ ಹಾಕ್ಕೊಳಯ್ಯಾ. ಅದೂ ನಿಮ್ಮ ಆಟಕ್ಕೇ, ಇದೂ ನಿಮ್ಮ ಆಟಕ್ಕೇ."

"ಆಗಲ್ಲಮ್ಮ. ಅದು ಟಿಕೆಟ್ ಆದಾಯ, ಇದು ಶುಲ್ಕ. ಡಬ್ಬಿ ಬೇರೆ ಬೇರೆ. ಕ್ರೀಡಾ ಇಲಾಖೆ ನಷ್ಟದಲ್ಲಿದೆ. ಹೋದ ವರ್ಷ ಕೆಲಸದಿಂದ ತೆಗೆದ ಕೋಚಿಗೆ ಇನ್ನೂ ಮೂರು ವರ್ಷ ಸಂಬಳ ಕೊಡ್ಬೇಕು."

"ತೆಗೆದ ಮೇಲೂ ಸಂಬಳವಾ?"

"ಬರದೇ ಇರೋದಕ್ಕೆ ಕೊಡೋದು. ಒಪ್ಪಂದ ಹಂಗಿದೆ. ಅವನು ಅಪ್ಪಿತಪ್ಪಿ ಬಂದ್ಬಿಟ್ರೆ ಕಷ್ಟ."

ದೊಡ್ಡಕ್ಕ ಜ್ವರ ಬಂದು ಎರಡು ದಿನ ಬರದಿದ್ದಾಗ ಎರಡು ದಿನದ ಕೂಲಿ ಹೋಗಿತ್ತು. ಬರದೇ ಇರುವುದರಲ್ಲೂ ಮೇಲುಕೀಳು ಇದೆ ಎಂದು ಅವಳಿಗೆ ಈಗಲೇ ಗೊತ್ತಾದದ್ದು. "ನಿಮ್ಮ ಇಲಾಖೆಗೆ ಬೆಂಕಿ ಬೀಳ," ಎಂದು ಬೈದು, ನೋಟುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

ಸಂಜೆ ಮಗಳು ಅಮ್ಮನ ಮುಖ ನೋಡಿ ಪುಸ್ತಕ ತೆರೆದು ಕೂತಳು. ಹಾಲ್ ಟಿಕೆಟ್ ಇಲ್ಲವೆಂದು ಗೊತ್ತಿದ್ದೂ ಓದುತ್ತಿದ್ದ ಆ ಹುಡುಗಿಯನ್ನು ನೋಡಿ ದೊಡ್ಡಕ್ಕ ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅಳುವುದಕ್ಕಿಂತ ಹೆಚ್ಚಾಗಿ ಯಾರಿಗಾದರೂ ನಾಲ್ಕು ಬಾರಿಸಬೇಕು ಅನ್ನಿಸುತ್ತಿತ್ತು.

ಶುಕ್ರವಾರ ಕ್ರೀಡಾ ನಿರ್ದೇಶಕರು ಕೆಲಸದವರನ್ನೆಲ್ಲ ಗ್ಯಾಲರಿಯಲ್ಲಿ ಕೂರಿಸಿದರು. ಗುಡಿಸುವವರು, ಅಡುಗೆಮನೆಯವರು, ಹುಲ್ಲು ಕತ್ತರಿಸುವವರು, ಡ್ರೈವರುಗಳು, ಎಲ್ಲರೂ. ನಿರ್ದೇಶಕರಿಗೆ ಸೀಟಿ ಸಾಹೇಬ ಎಂದು ಹೆಸರು. ಓಡಿ ಎಷ್ಟೋ ವರ್ಷವಾಗಿ ಹೊಟ್ಟೆ ಬೆಲ್ಟಿನ ಮೇಲೆ ಜೋತುಬಿದ್ದಿದ್ದರೂ ಕೊರಳಲ್ಲಿ ಸೀಟಿ ಮಾತ್ರ ತಾಳಿಯ ಹಾಗೆ ಇತ್ತು.

"ಕೇಳಿಸ್ಕೊಳ್ರೋ. ನಾಳೆ ಕಮಿಟಿ ಬರುತ್ತೆ. ಗ್ಯಾಲರಿ ತುಂಬಿದ್ರೆ ಎರಡನೇ ಮಹಡಿ ಕಟ್ಟೋಕೆ ದುಡ್ಡು ಮಂಜೂರು. ತುಂಬಲಿಲ್ವೋ, ಎಲ್ರ ಹೊಟ್ಟೆ ಮೇಲೂ ತಣ್ಣೀರು ಬಟ್ಟೆ."

"ಇರೋ ಮಹಡೀನೇ ಬಿಕೋ ಅಂತಿದ್ಯಲ್ಲ ಸಾಹೇಬ್ರೇ, ಮೇಲೊಂದ್ಯಾಕೆ?" ಎಂದಳು ಕಹಳೆ. ಅವಳೂ ಗುಡಿಸುವವಳೇ. ಪಿಸುಮಾತಾಡಿದರೂ ಗೇಟಿನವರೆಗೆ ಕೇಳಿಸುವ ಗಂಟಲು, ಅದಕ್ಕೇ ಆ ಹೆಸರು.

"ಜನ ಯಾಕೆ ಬರ್ತಿಲ್ಲ ಗೊತ್ತೇನೇ? ಜಾಗ ಸಾಲ್ದು ಅಂತ! ಬಾಯಿ ಮುಚ್ಕೊಂಡು ಕೇಳು, ಲೌಡಿ. ನಾನು ಒಂದ್ಸಲ ಸೀಟಿ ಊದಿದ್ರೆ ಚಪ್ಪಾಳೆ. ಎರಡ್ಸಲ ಊದಿದ್ರೆ ಎದ್ದು ಕುಣೀಬೇಕು. ಕಡಲೆಕಾಯಿ ಕೊಡ್ತೀವಿ, ತಿಂದು ಅಲ್ಲೇ ಬಿಸಾಕ್ಬೇಕು. ಗಲೀಜು ಮಾಡದೇ ಇದ್ರೆ ನಿಮ್ಮನ್ನ ಪ್ರೇಕ್ಷಕರು ಅಂತ ಯಾವನು ನಂಬ್ತಾನೆ?"

"ಗುಡಿಸೋದು ಯಾವಾಗ ಸಾಹೇಬ್ರೇ?" ಎಂದಳು ದೊಡ್ಡಕ್ಕ.

"ಕಮಿಟಿ ಹೋದ್ಮೇಲೆ. ಅಲ್ಲೀವರೆಗೂ ನೀವು ಕೆಲಸದೋರಲ್ಲ, ಪ್ರೇಕ್ಷಕರು. ಪ್ರೇಕ್ಷಕರು ಹೆಂಗಿರ್ತಾರೋ ಹಂಗಿರ್ಬೇಕು. ಅವರಿರೋವಾಗ ಯಾವಳಾದ್ರೂ ಪೊರಕೆ ಮುಟ್ಟಿದ್ರೆ ಚರ್ಮ ಸುಲೀತೀನಿ. ತಿಳೀತಾ?"

ತಿಳಿಯಿತು ಎಂದು ಎಲ್ಲರೂ ತಲೆಯಾಡಿಸಿದರು. ದೊಡ್ಡಕ್ಕ ಆಮೇಲೆ ಒಬ್ಬಳೇ ನಿಂತು ಮಗಳ ವಿಷಯ ಎತ್ತಿದಳು. ಸೀಟಿ ಸಾಹೇಬ ಮಾತು ಮುಗಿಯಲು ಬಿಡಲಿಲ್ಲ.

"ಗುಡಿಸೋಳ ಮಗಳು ಗುಡಿಸಿದ್ರೆ ಕಾಲೇಜಿಗೇನು ನಷ್ಟ? ಹೋಗು, ಚಪ್ಪಾಳೆ ಅಭ್ಯಾಸ ಮಾಡ್ಕೋ."

ದೊಡ್ಡಕ್ಕ ಹಲ್ಲು ಕಚ್ಚಿಕೊಂಡು ಬಂದಳು.

ಶನಿವಾರ ಸೀರೆ ಮೇಲೆ ಟೀ ಶರ್ಟು ಏರಿಸಿಕೊಂಡು ಹೆಂಗಸರು ಸಾಲಾಗಿ ಕೂತಾಗ ಗ್ಯಾಲರಿ ನಿಜಕ್ಕೂ ತುಂಬಿದ ಹಾಗೇ ಕಂಡಿತು. ತಾವು ದಿನಾ ಒರೆಸುವ ಕುರ್ಚಿಯಲ್ಲಿ ಅವರು ಕೂತದ್ದು ಅದೇ ಮೊದಲು. "ಅಯ್ಯೋ, ಕೂತ್ರೆ ಇಷ್ಟು ಮೆತ್ತಗಿರುತ್ತೇನೇ!" ಎಂದು ಕಹಳೆ ಎರಡು ಸಲ ಎದ್ದೆದ್ದು ಕೂತಳು. ಕಡಲೆಕಾಯಿಯ ಪೊಟ್ಟಣ ಬಂತು. ತಿನ್ನುವುದು ಸುಲಭ, ಸಿಪ್ಪೆ ನೆಲಕ್ಕೆ ಹಾಕುವುದಕ್ಕೆ ಮಾತ್ರ ಯಾರ ಕೈಯೂ ಬರಲಿಲ್ಲ. ಹಾಕಿದರೆ ಗುಡಿಸುವವರು ಯಾರು ಅಂತ ಕೈಗೇ ಗೊತ್ತಿತ್ತು. ಸೀಟಿ ಸಾಹೇಬ ಸಾಲಿನ ಮಧ್ಯೆ ಓಡಾಡಿ "ಬಿಸಾಕ್ರೇ, ಬಿಸಾಕ್ರೇ ಮುಂಡೇವಾ!" ಎಂದು ಗದರಿಸಿದ ಮೇಲೆ ಒಬ್ಬೊಬ್ಬರೇ ಬಿಸಾಕಿದರು. ದೊಡ್ಡಕ್ಕನಿಗೆ ಆಗಲೇ ಇಲ್ಲ. ಸಿಪ್ಪೆಯನ್ನೆಲ್ಲ ಮಡಿಲಲ್ಲಿ ಕೂಡಿಹಾಕಿ, ಟೀ ಶರ್ಟಿನ ಅಂಚು ಮುಚ್ಚಿ ಕೂತಳು.

ಆಟ ಶುರುವಾಯಿತು. ಅಲ್ಲೊಂದು ಎಡವಟ್ಟಾಯಿತು. ಸೀಟಿ ಸಾಹೇಬರ ಕೊರಳಲ್ಲಿ ಒಂದು ಸೀಟಿಯಿದ್ದರೆ ಮೈದಾನದ ರೆಫರಿಯ ಬಾಯಲ್ಲೂ ಒಂದಿತ್ತು. ಯಾವುದು ಯಾರದ್ದು ಎಂದು ಅಷ್ಟು ದೂರದಿಂದ ಯಾವನಿಗೆ ಗೊತ್ತಾಗಬೇಕು? ನಮ್ಮವನು ತಪ್ಪು ಮಾಡಿ ರೆಫರಿ ಊದಿದರೆ ಗ್ಯಾಲರಿ ಪೂರ್ತಿ ಚಪ್ಪಾಳೆ. ಒಬ್ಬ ಹುಡುಗ ಕಾಲು ಉಳುಕಿಸಿಕೊಂಡು ಬಿದ್ದ, ರೆಫರಿ ಗಾಬರಿಯಿಂದ ಎರಡು ಸಲ ಊದಿದ. ಇಡೀ ಗ್ಯಾಲರಿ ಎದ್ದು ಕುಣಿಯಿತು. ಎದುರಿನ ತಂಡ ಗೋಲು ಹೊಡೆದಾಗಲಂತೂ ಕಹಳೆಯ ಕೂಗಿಗೆ ನಾಯಿಗಳು ಎದ್ದು ಓಡಿಹೋದವು. ಸೀಟಿ ಸಾಹೇಬ ಕೈ ಬೀಸಿ ನಿಲ್ಲಿಸಲು ನೋಡಿದರು. ಆಗದೆ ಕೊನೆಗೆ ಸೀಟಿ ಊದಿದರು. ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

ಮೇಲೆ ಗಾಜಿನ ಕೋಣೆಯಲ್ಲಿ ಜ್ಯೂಸು ಕುಡಿಯುತ್ತಿದ್ದ ಕಮಿಟಿಯ ಅಧ್ಯಕ್ಷೆಗೆ ಕಣ್ಣಲ್ಲಿ ನೀರೇ ಬಂತಂತೆ. ಸೋಲುತ್ತಿದ್ದರೂ ಎದುರಾಳಿಗೆ ಚಪ್ಪಾಳೆ ತಟ್ಟುವ ಇಂಥ ಪ್ರೇಕ್ಷಕರನ್ನು ಅವರು ಎಲ್ಲೂ ಕಂಡಿರಲಿಲ್ಲವಂತೆ. ಆಟ ಮುಗಿದ ಕೂಡಲೇ ಹಿಂಬಾಗಿಲಿನಿಂದ ಹೋಗಬೇಕಾಗಿದ್ದವರು ಹಠ ಹಿಡಿದರು. ಕೆಳಗಿಳಿದು ಆ ಪುಣ್ಯವಂತರ ಕೈಕುಲುಕಿಯೇ ಹೋಗುವುದು.

ಸೀಟಿ ಸಾಹೇಬ ಮೆಟ್ಟಿಲಿಳಿದು ಬಂದದ್ದು ಮೈಮೇಲೆ ಬಿಸಿನೀರು ಬಿದ್ದವರ ಹಾಗೆ. ಮೆಟ್ಟಿಲ ತುಂಬ ಸಿಪ್ಪೆ, ಕಾಗದದ ಲೋಟ, ಅಂಟಂಟು. ಹಿಂದೆ ಲೆಕ್ಕದಯ್ಯ.

"ಏಯ್, ಏಳೇ! ಕಮಿಟಿ ಇಳೀತಿದೆ. ಪೊರಕೆ ತಗೋ, ಬೇಗ!"

ಹುಲ್ಲು ಕತ್ತರಿಸುವ ಮುದುಕ ಅಭ್ಯಾಸಬಲದಿಂದ ಎದ್ದೇಬಿಟ್ಟ. ಕಹಳೆ ಅವನ ಶರ್ಟು ಹಿಡಿದು ಕೂರಿಸಿ ದೊಡ್ಡಕ್ಕನ ಮುಖ ನೋಡಿದಳು. ದೊಡ್ಡಕ್ಕ ಕುರ್ಚಿಯ ಬೆನ್ನಿಗೆ ಒರಗಿದಳು.

"ಕಮಿಟಿ ಇರೋವಾಗ ಪೊರಕೆ ಮುಟ್ಟಿದ್ರೆ ಚರ್ಮ ಸುಲೀತೀನಿ ಅಂದಿದ್ರಿ ಸಾಹೇಬ್ರೇ. ನಂಗಿರೋದು ಒಂದೇ ಚರ್ಮ."

"ಹಲ್ಕಾ ಮುಂಡೆ, ಈಗ ನಾನೇ ಹೇಳ್ತಿದೀನಲ್ಲ!"

"ಮೆಲ್ಲಗೆ. ಪ್ರೇಕ್ಷಕರಿಗೆ ಹಂಗನ್ಬಾರ್ದು. ಅಮ್ಮಾವ್ರಿಗೆ ಕೇಳಿಸುತ್ತೆ."

ಮೇಲಿನ ಬಾಗಿಲು ತೆರೆದ ಸದ್ದಾಯಿತು. "ಏನೇ ಬೇಕು ನಿಂಗೆ?" ಎಂದರು ಸಾಹೇಬರು, ಹಲ್ಲಿನ ಸಂದಿಯಿಂದ.

"ಮಗಳ ಹಾಲ್ ಟಿಕೆಟ್."

"ಸೋಮವಾರ ನೋಡೋಣ."

"ಸೋಮವಾರ ಬೆಳಿಗ್ಗೇನೇ ಪರೀಕ್ಷೆ. ಈಗ ಬೇಕು. ಕೈಗೆ."

ಸಾಹೇಬರು ಲೆಕ್ಕದಯ್ಯನ ಕಡೆ ತಿರುಗಿ ಕಣ್ಣು ಬಿಟ್ಟರು. ಲೆಕ್ಕದಯ್ಯ ಪಂಚಪ್ರಾಣ ಕೈಯಲ್ಲಿ ಹಿಡಿದು ಆಫೀಸಿನ ಕಡೆ ಓಡಿದ. ಆ ಇಲಾಖೆಯಲ್ಲಿ ಆ ವರ್ಷ ಯಾರಾದರೂ ಅಷ್ಟು ಚೆನ್ನಾಗಿ ಓಡಿದ್ದರೆ ಅವನೊಬ್ಬನೇ.

ಅವನು ಬರುವುದರೊಳಗೆ ಅಧ್ಯಕ್ಷೆ ಇಳಿದುಬಂದರು. ಎರಡನೇ ಮೆಟ್ಟಿಲಲ್ಲೇ ಚಪ್ಪಲಿಯಡಿ ಲೋಟ ಚಟಕ್ಕೆಂದಿತು. ಅವರು ಸೀರೆ ಎತ್ತಿಕೊಂಡು ನಿಂತರು. ದೊಡ್ಡಕ್ಕ ಸಂಬಳ ಮುರಿದು ಕೊಟ್ಟಿದ್ದ ಮ್ಯಾಚಿನ ಟಿಕೆಟನ್ನು ಮೇಲೆತ್ತಿ ಹಿಡಿದಳು.

"ನೋಡ್ರಮ್ಮ, ದುಡ್ಡು ಕೊಟ್ಟು ಟಿಕೆಟ್ ತಗೊಂಡು ಕೂತಿದೀವಿ. ಹೆಂಗಿದೆ ನೋಡಿ ಗಲೀಜು! ಇಷ್ಟು ದೊಡ್ಡ ಕಾಲೇಜಲ್ಲಿ ಗುಡಿಸೋರು ಒಬ್ರೂ ಇಲ್ವಾ?"

"ಹೌದು ಮತ್ತೆ! ಗುಡಿಸೋರು ಎಲ್ಲಿ ಸತ್ರು?" ಎಂದಳು ಕಹಳೆ. ಅದು ಗೇಟು ದಾಟಿ ರಸ್ತೆಗೆ ಕೇಳಿಸಿತು. ಹಿಂದಿನ ಸಾಲುಗಳಿಂದಲೂ ಕೂಗು ಎದ್ದಿತು. ಯಾರೋ ಎರಡು ಸಲ ಬಾಯಲ್ಲೇ ಸೀಟಿ ಹಾಕಿದರು. ಡ್ರೈವರುಗಳೆಲ್ಲ ಎದ್ದು ಕುಣಿದರು.

"ಕೇಳ್ತಿರೋದು ನ್ಯಾಯವಾಗಿದೆಯಲ್ಲ ನಿರ್ದೇಶಕರೇ," ಎಂದರು ಅಧ್ಯಕ್ಷೆ. "ನಿಮ್ಮ ಕೆಲಸದವರು ಎಲ್ಲಿ?"

ಸೀಟಿ ಸಾಹೇಬ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕೆಲಸದವರೆಲ್ಲ ಕಾಲ ಮೇಲೆ ಕಾಲು ಹಾಕಿ ಅವರನ್ನೇ ನೋಡುತ್ತಿದ್ದರು. "ಇವತ್ತು... ಎಲ್ರಿಗೂ ರಜೆ ಕೊಟ್ಟಿದೀವಿ ಮೇಡಂ. ನಮ್ಮಲ್ಲಿ ಯಾವ ಕೆಲಸಾನೂ ಕೀಳಲ್ಲ, ನಾವೇ ಮಾಡ್ಕೋತೀವಿ," ಎಂದು ಹಲ್ಲು ಕಿರಿದು, ಕುರ್ಚಿ ಹಿಂದೆ ಬಚ್ಚಿಟ್ಟಿದ್ದ ಪೊರಕೆ ಎತ್ತಿಕೊಂಡರು. ಎಷ್ಟೊಂದು ವಿನಯ ಎಂದು ಅಧ್ಯಕ್ಷೆ ಎದೆ ಮೇಲೆ ಕೈಯಿಟ್ಟುಕೊಂಡರು.

ಸಾಹೇಬರಿಗೆ ಪೊರಕೆ ಹಿಡಿಯಲು ಬರುತ್ತಿರಲಿಲ್ಲ. ಹೊಟ್ಟೆ ಅಡ್ಡ ಬರುತ್ತಿತ್ತು. "ಗಾಳಿಗೆದುರಾಗಿ ಗುಡಿಸ್ತಾರೇನ್ರೀ?" ಎಂದು ಕಹಳೆ ಕೇಳಿದಳು. ಒಂದು ಸಾಲು ಮುಗಿಸಿ ಅವರು ದೊಡ್ಡಕ್ಕನ ಕುರ್ಚಿಯ ಹತ್ತಿರ ಬರುವ ಹೊತ್ತಿಗೆ ಲೆಕ್ಕದಯ್ಯ ಏದುಸಿರು ಬಿಡುತ್ತ ಬಂದು ಅವಳ ಕೈಗೆ ಹಾಲ್ ಟಿಕೆಟ್ ಇಟ್ಟ. ದೊಡ್ಡಕ್ಕನಿಗೆ ಓದಲು ಬರುವುದಿಲ್ಲ. ಮಗಳ ಫೋಟೋ ನೋಡಿದಳು, ಅದರ ಮೇಲೆ ಬಿದ್ದಿದ್ದ ಮೊಹರು ನೋಡಿದಳು. ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು.

"ಸಿಕ್ತಲ್ಲ?" ಬಗ್ಗಿದ್ದ ಸಾಹೇಬರ ಮುಖ ಅವಳ ಮಂಡಿಯ ಮಟ್ಟಕ್ಕಿತ್ತು. ಸೀಟಿ ನೆಲಕ್ಕೆ ತಾಗಿ ಟಕಟಕ ಅನ್ನುತ್ತಿತ್ತು. "ಈಗ ಏಳೇ ತಾಯಿ. ಮರ್ಯಾದೆ ಉಳಿಸು. ಏಳದಿದ್ರೆ ಸೋಮವಾರದಿಂದ ನಿನ್ನ ಕೆಲಸ ಇಲ್ಲ."

ಎದ್ದರೂ ಕೂತರೂ ಕೆಲಸ ಇಲ್ಲವೆಂದು ಅವಳಿಗೆ ಆಗಲೇ ಗೊತ್ತಿತ್ತು. ಮುಂದಿನ ತಿಂಗಳ ಬಾಡಿಗೆ, ಅಕ್ಕಿ, ಎಲ್ಲವೂ ನೆನಪಾಯಿತು. ಅವಳು ಏಳಲಿಲ್ಲ. ಚಪ್ಪಲಿಗಾಲನ್ನು ನೆಲದಿಂದ ನಾಲ್ಕು ಬೆರಳಷ್ಟು ಮೇಲೆತ್ತಿ ಹಿಡಿದಳು.

"ಅಲ್ಲಿ ಬಿಟ್ರಿ ನೋಡಿ."

ಸಾಹೇಬರು ಆ ಸಂದಿಗೆ ಪೊರಕೆ ತೂರಿಸಿ ಎಳೆದರು. ಎಳೆದು ಸೊಂಟ ನೆಟ್ಟಗೆ ಮಾಡುವುದರೊಳಗೆ ದೊಡ್ಡಕ್ಕ ಟೀ ಶರ್ಟಿನ ಅಂಚು ಸರಿಸಿ, ಅಷ್ಟು ಹೊತ್ತಿನಿಂದ ಮಡಿಲಲ್ಲಿ ಕೂಡಿಹಾಕಿದ್ದ ಸಿಪ್ಪೆಯನ್ನೆಲ್ಲ ಅವರ ಕಾಲಬುಡಕ್ಕೆ ಸುರಿದಳು.

"ಹಾಂ, ಅದನ್ನೂ."