ಮಾರೆವ್ವ ಕೂಡಿಸಿದ ವರ್ಷ

ಈಟಿ ಎಸೆತದಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲಿಗಳಾದ ಹೇಮಾಳ ಅರ್ಜಿಯನ್ನು ನಜೀಬ ಸರ್ ಮೂರನೇ ಸಲ ಓದಿದರು. ಗಂಗಾವತಿಯ ಆ ಕಾಲೇಜಿನಲ್ಲಿ ಆಟ ಕಲಿಸುವವರು ಅವರೇ. ವಿದ್ಯಾರ್ಥಿವೇತನ ಸಿಕ್ಕರೆ ಹಾಸ್ಟೆಲ್. ಇಲ್ಲದಿದ್ದರೆ ಓದು, ಆಟ ಎರಡನ್ನೂ ಬಿಟ್ಟು ಅವಳು ತಾವರಗೇರಾ ಹತ್ತಿರದ ಊರಿಗೆ ಹಿಂದಿರುಗಬೇಕು.

“ಜೂನ್ ಒಂದಕ್ಕ ಇಪ್ಪತ್ತು ತುಂಬಿರಬಾರದು ಅಂತ ನಿಯಮ ಐತಿ. ನಿನಗ ಅವತ್ತ ತುಂಬತೈತಲ್ಲವಾ.”

“ಊರ ಹುಡುಗರನ್ನೆಲ್ಲಾ ಜೂನ್ ಒಂದಕ್ಕ ಹುಟ್ಟಿಸಿದವ್ರು ನಮ್ಮ ಹೆಡ್ ಮಾಸ್ತರ್ರು, ಸರ್,” ಎಂದ ಹೇಮಾ ಮೂಗಿನಲ್ಲಿ ಅವರ ದನಿ ತೆಗೆದಳು: “‘ಯವ್ವಾ, ಹುಡುಗಿಗೆ ಆರು ತುಂಬ್ಯಾವೇನು? ಹ್ಞೂಂ ಅನ್ನು, ಬರ್ಕೊಂತೀನಿ!’”

ನಜೀಬ ಸರ್ ನಕ್ಕರು. ಪಕ್ಕದಲ್ಲಿ ನಿಂತಿದ್ದ ತಾಯಿ ಮಾರೆವ್ವ ನಗಲಿಲ್ಲ.

“ಹ್ಞೂಂ ಅಂದಾಕಿ ನಾನರಿ. ಆಗ ಇಕಿಗೆ ಐದು. ಜ್ವಾಳದ ಹೊಲದಾಗ ಕವಣಿ ಬೀಸಿ ಹಕ್ಕಿ ಓಡಸ್ತಿದ್ಲು. ಆ ವರ್ಸ ಸಾಲಿಗೆ ಹೊಂಟಿದ್ದ ಅಕ್ಕನ ಕೂಡ ಹೋಗದಿದ್ರ ಇಕಿ ಸಾಲಿ ಕಾಣ್ತಿದ್ದಿಲ್ಲ. ಅದಕ್ಕ ಒಂದು ವರ್ಸ ಕೂಡ್ಸಿ ಹೇಳಿದೆ. ಈಗ ಅದನ್ನ ಕಳೀರಿ.”

“ಜನನ ಸರ್ಟಿಫಿಕೇಟ್ ಐತೇನ್ರಿ?”

“ಮನ್ಯಾಗ ಹಡದೀನ್ರಿ. ನಾನ ಸರ್ಟಿಫಿಕೇಟು.”

“ಹತ್ತನೇತ್ತಿ ಮಾರ್ಕ್ಸ್ ಕಾರ್ಡಿನ್ಯಾಗ ಬಿದ್ದ ತಾರೀಖು ಬದಲಾಗಬೇಕಂದ್ರ ಕೋರ್ಟಿಗೆ ಹೋಗ್ಬೇಕವಾ. ಅರ್ಜಿಗೆ ನಾಳೆ ಕಡಿ ದಿನ.”

ನಜೀಬ ಸರ್ ಅರ್ಜಿಯನ್ನು ಮೆಲ್ಲಗೆ ಮಡಚಿ ಹೇಮಾಳ ಕೈಗಿಟ್ಟರು.

“ನನ್ನ ಸುಳ್ಳು ನಿನ್ನ ತಿಂತಲ್ಲೇ,” ಎಂದಳು ಮಾರೆವ್ವ.

“ಆ ಸುಳ್ಳಿನಿಂದ ಹದಿನಾಕು ವರ್ಸ ಸಾಲಿ ಕಲ್ತೀನಿ ಬೇ,” ಎಂದಳು ಹೇಮಾ, ಈ ಸಲ ತನ್ನದೇ ದನಿಯಲ್ಲಿ. ಆಮೇಲೆ ಮೂಲೆಯಲ್ಲಿದ್ದ ಈಟಿಯ ಮಣ್ಣೊರೆಸಿ, ಅದನ್ನು ಕಾಲೇಜಿನ ಕ್ರೀಡಾ ಕೋಣೆಗೆ ಒಪ್ಪಿಸಿ ಬಂದಳು.